ತೆಂಗಿನ ನರ್ಸರಿ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣ್ತಿಲ್ಲ ಅಂದ ಅಣ್ಣನಿಗೆ

ಅಣ್ಣಾ, ತಿಪಟೂರು ಹತ್ತಿರದ ನಿಮ್ಮ ತೆಂಗಿನ ನರ್ಸರಿಗೆ ವೆಬ್‌ಸೈಟ್ ಮಾಡಿಸಿ ಆರು ತಿಂಗಳಾದರೂ ಗೂಗಲ್‌ನಲ್ಲಿ ಎಲ್ಲೂ ಬರ್ತಿಲ್ಲ ಅಂತ ಬರೆದಿದ್ದೀರಿ. ಹದಿನೈದು ಸಾವಿರ ಕೊಟ್ಟರೆ ಮೊದಲ ಪುಟದಲ್ಲಿ ತರ್ತೀನಿ, ಗ್ಯಾರಂಟಿ ಅಂತ ಯಾರೋ ಫೋನ್ ಮಾಡಿದ್ದಾನೆ, ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್‌ನವರೇ ಬರೆದು ಹಾಕಿದ್ದಾರೆ.

ನಾನು ಶ್ರೀನಿವಾಸಪುರ ಕಡೆಯವನು. ತೋಟದ ಮಾವಿನ ಹಣ್ಣನ್ನು ಬಾಕ್ಸ್ ಲೆಕ್ಕದಲ್ಲಿ ನೇರ ಬೆಂಗಳೂರಿಗೆ ಕಳಿಸುತ್ತೇನೆ, ವೆಬ್‌ಸೈಟನ್ನು ನಾನೇ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಓದಿದವನಲ್ಲ. ಏಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಸೈಟ್ ಗೂಗಲ್‌ಗೆ ಗೊತ್ತಿದೆಯಾ ಅಂತ ನೋಡಿ. ಹುಡುಕುವ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆಯಿರಿ. ನಿಮ್ಮ ಪುಟಗಳು ಬಂದರೆ ಸರಿ. ಏನೂ ಬರದಿದ್ದರೆ ನಿಮ್ಮ ಸೈಟ್ ಗೂಗಲ್ ಪಟ್ಟಿಗೇ ಸೇರಿಲ್ಲ ಅಂತ ಅರ್ಥ. ನನಗೆ ಆಗಿದ್ದು ಇದೇ. ನನ್ನ ಸೈಟ್ ಮಾಡಿದ್ದು ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟ ಇದೆ. ಗೂಗಲ್‌ನಂಥ ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸುವುದು ಬೇಡ ಅನ್ನುವ ಒಂದು ಚೌಕ ಅಲ್ಲಿರುತ್ತೆ. ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ನಡೆಯುವಾಗ ಅದಕ್ಕೆ ಟಿಕ್ ಹಾಕಿದ್ದ, ತೆಗೆಯುವುದನ್ನು ಮರೆತಿದ್ದ. ಒಂದು ಇಡೀ ಸೀಸನ್ ಹೋಯಿತು. ನಾನು ಸುಮ್ನೆ ನನ್ನ ಹಣೆಬರಹ ಅಂದುಕೊಂಡು ಕೂತಿದ್ದೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿ. ದುಡ್ಡಿಲ್ಲ, ಜಿಮೇಲ್ ಇದ್ದರೆ ಸಾಕು. ಯಾವ ಪುಟ ಸೇರಿದೆ, ಯಾವುದು ಯಾಕೆ ಸೇರಿಲ್ಲ ಅಂತ ತೋರಿಸುತ್ತೆ. ಸೈಟ್‌ಮ್ಯಾಪನ್ನೂ, ಅಂದರೆ ಸೈಟಿನ ಪುಟಗಳ ಪಟ್ಟಿಯನ್ನೂ, ಅಲ್ಲೇ ಕೊಡಬಹುದು. ಅದಕ್ಕಿಂತ ಉಪಯೋಗದ್ದು ಅಂದರೆ, ಜನ ಯಾವ ಮಾತು ಬರೆದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು ಅನ್ನುವ ಪಟ್ಟಿ.

ನಿಮ್ಮ ಲಿಂಕ್ ತೆರೆದು ನೋಡಿದೆ. ಬೇಜಾರು ಮಾಡ್ಕೋಬೇಡಿ. ಮೊದಲ ಪುಟ ಪೂರ್ತಿ ಒಂದೇ ಫೋಟೋ, ಫ್ಲೆಕ್ಸ್‌ಗೆ ಮಾಡಿಸಿದ್ದನ್ನೇ ಏರಿಸಿದ್ದಾರೆ. ಬರಹವೆಲ್ಲ ಚಿತ್ರದ ಒಳಗೇ ಇದ್ದರೆ ಗೂಗಲ್‌ಗೆ ಓದಲು ಹೆಚ್ಚೇನೂ ಸಿಗಲ್ಲ. ಎರಡನೇ ಪುಟದಲ್ಲಿ ಬರಹ ಇದೆ, ಆದರೆ ಹಳೇ ನುಡಿ ಫಾಂಟ್‌ನದ್ದು, ಕರಪತ್ರದ ಮ್ಯಾಟರ್ ಹಾಗೇ ಅಂಟಿಸಿದ್ದಾರೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಕನ್ನಡ ಬರಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಗೂಗಲ್‌ಗೆ ಕಾಣೋದೂ ಅದೇ. ಅದನ್ನೆಲ್ಲ ಯೂನಿಕೋಡ್‌ಗೆ, ಅಂದರೆ ಎಲ್ಲಿ ಅಂಟಿಸಿದರೂ ಕನ್ನಡವಾಗೇ ಉಳಿಯುವ ಅಕ್ಷರಕ್ಕೆ, ಬದಲಾಯಿಸಬೇಕು. ಇರುವುದು ನಾಲ್ಕು ಪ್ಯಾರಾ ಅಷ್ಟೇ, ಮೊಬೈಲ್‌ನಲ್ಲಿ ಹೊಸದಾಗಿ ಟೈಪ್ ಮಾಡಿದರೂ ಅರ್ಧ ದಿನದ ಕೆಲಸ. ಹದಿನೈದು ಸಾವಿರದವನು ಇದರ ಸುದ್ದಿ ಎತ್ತಿದನಾ?

ಈಗ ನಿಜವಾದ ಕೆಲಸ. ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ. ಗಿರಾಕಿಗಳು ಕೇಳುವುದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಫೋನ್ ಎತ್ತೋದು ನನ್ನ ಹೆಂಡತಿ. ಮಲ್ಲಿಕಾ ಮಾವು ಯಾವಾಗ ಬರುತ್ತೆ ಅಂತ ಕೇಳಿದವರೇ ಜಾಸ್ತಿ. ಅದೇ ಮಾತನ್ನು ತಲೆಬರಹ ಮಾಡಿ ಒಂದು ಪುಟ ಬರೆದೆ. ಬಾದಾಮಿ ಮುಗಿಯುವ ಹೊತ್ತಿಗೆ ಮಲ್ಲಿಕಾ ಬರುತ್ತೆ, ಕಾಯಿ ತಗೊಂಡರೆ ಮನೇಲಿ ಹೇಗೆ ಹಣ್ಣು ಮಾಡಬೇಕು, ಕಾರ್ಬೈಡ್ ನಾವು ಯಾಕೆ ಮುಟ್ಟಲ್ಲ, ಇಷ್ಟೇ. ಇವತ್ತಿಗೂ ನನ್ನ ಸೈಟಿಗೆ ಹೆಚ್ಚು ಜನ ಬರುವುದು ಆ ಪುಟದಿಂದ. ‘ನಮ್ಮ ಬಗ್ಗೆ’ ಅಂತ ಮೂರು ದಿನ ಕೂತು ಬರೆದ ಪುಟ ಯಾರೂ ಓದಿಲ್ಲ.

ನಿಮ್ಮಲ್ಲಿ ಇಂಥ ಪ್ರಶ್ನೆಗೆ ಬರವೇ ಇಲ್ಲ. ಎಷ್ಟು ತಿಂಗಳ ಸಸಿ ತಗೋಬೇಕು? ಒಂಬತ್ತರಿಂದ ಹನ್ನೆರಡು ತಿಂಗಳದ್ದು, ಬುಡ ದಪ್ಪ ಇರಬೇಕು, ಆರು ಎಲೆಯಾದರೂ ಇರಬೇಕು, ಅಲ್ವಾ? ಅದನ್ನು ನಿಮ್ಮ ನರ್ಸರಿಯ ಸಸಿಯದೇ ಫೋಟೋ ಹಾಕಿ ತೋರಿಸಿ. ತಿಪಟೂರು ಟಾಲ್ ಫಲಕ್ಕೆ ಬರಲು ಆರೇಳು ವರ್ಷ, ಗಿಡ್ಡ ತಳಿ ಮೂರ್ನಾಲ್ಕು ವರ್ಷಕ್ಕೇ ಬರುತ್ತೆ, ಹಾಗಾದರೆ ಕೊಬ್ಬರಿಗೆ ಯಾವುದು, ಎಳನೀರಿಗೆ ಯಾವುದು? ಇದೊಂದೇ ಎರಡು ಪುಟ ಆಗುತ್ತೆ. ಎಷ್ಟು ಅಡಿಗೊಂದು ಗಿಡ, ಗುಂಡಿ ಎಷ್ಟು ಆಳ, ಒಂದು ಪ್ರಶ್ನೆಗೆ ಒಂದು ಪುಟ. ಅಂಕಿ ಹಾಕುವ ಮೊದಲು ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರ ಶಿಫಾರಸಿನ ಜೊತೆ ಹೋಲಿಸಿ ನೋಡಿ. ಬೆಲೆ ಬರೆಯಿರಿ. ಬೆಲೆಗೆ ಫೋನ್ ಮಾಡಿ ಅಂತ ಬರೆದರೆ ‘ತೆಂಗಿನ ಸಸಿ ಬೆಲೆ’ ಅಂತ ಹುಡುಕಿ ಬಂದವನು ಹಾಗೇ ವಾಪಸ್ ಹೋಗ್ತಾನೆ.

ಕಲ್ಪವೃಕ್ಷದ ಉತ್ಕೃಷ್ಟ ಸಸ್ಯಸಂಪತ್ತು ಅಂತ ನಿಮ್ಮ ಸೈಟ್‌ನಲ್ಲಿದೆ. ಓದಲು ಚೆಂದ, ಹಾಗೆ ಬರೆದು ಹುಡುಕುವ ರೈತನನ್ನು ನಾನು ನೋಡಿಲ್ಲ. ಸಸಿ, ಗಿಡ, ಪೈರು, ನಿಮ್ಮ ಗಿರಾಕಿ ಬಾಯಲ್ಲಿ ಏನು ಬರುತ್ತೋ ಅದೇ ಇರಲಿ. ಆಂಧ್ರ, ತಮಿಳುನಾಡಿನಿಂದ ಬರುವವರಿಗೆ ಇಂಗ್ಲಿಷ್ ಪುಟ ಬೇರೆ ಮಾಡಿ, ಒಂದೇ ಪುಟದಲ್ಲಿ ಎರಡನ್ನೂ ಕಲಸಬೇಡಿ.

ತಿಪಟೂರು ತಿಪಟೂರು ಅಂತ ಐವತ್ತು ಸಲ ಬರೆಯುವುದೂ ಬೇಡ. ಕೀವರ್ಡ್ ಟ್ಯಾಗ್, ಅಂದರೆ ಪುಟದ ಕೋಡ್‌ನಲ್ಲಿ ಅಡಗಿರುವ ಪದಗಳ ಪಟ್ಟಿ, ತುಂಬಿಸಿ ಕೊಡ್ತೀವಿ ಅಂತ ಈಗಲೂ ದುಡ್ಡು ಕೇಳುವವರಿದ್ದಾರೆ. ಅದನ್ನು ನಾವು ಲೆಕ್ಕಕ್ಕೇ ತಗೊಳ್ಳಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಸಾವಿರ ಲಿಂಕ್ ಕೊಡಿಸ್ತೀವಿ ಅನ್ನುವುದು ಇನ್ನೂ ಕೆಟ್ಟದ್ದು. ದುಡ್ಡಿಗೆ ಕೊಂಡ ಲಿಂಕ್ ಇಟ್ಟುಕೊಂಡ ಸೈಟುಗಳನ್ನು ಗೂಗಲ್‌ನವರು 2012ರಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ತಂದು ಕೆಳಕ್ಕೆ ತಳ್ಳಿದ್ದರು. ಆ ನಿಯಮ ಇವತ್ತಿಗೂ ಇದೆ.

ನರ್ಸರಿಯವರಿಗೆ ಸೈಟ್‌ಗಿಂತ ಮ್ಯಾಪ್ ದೊಡ್ಡದು ಅಂತ ನನ್ನ ಅನಿಸಿಕೆ. ಮ್ಯಾಪ್‌ನಲ್ಲಿ ನಿಮ್ಮ ನರ್ಸರಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಪುಕ್ಕಟೆ. ಹುಡುಕಿದ್ದಕ್ಕೆ ನೀವು ಹೊಂದುತ್ತೀರಾ, ಹುಡುಕಿದವನಿಗೆ ಎಷ್ಟು ದೂರ ಇದ್ದೀರಿ, ಜನಕ್ಕೆ ಎಷ್ಟು ಗೊತ್ತಿದ್ದೀರಿ, ಈ ಮೂರನ್ನು ಅದು ನೋಡುತ್ತೆ. ದೂರ ನಿಮ್ಮ ಕೈಲಿಲ್ಲ, ಉಳಿದೆರಡು ಇದೆ. ನಿಮ್ಮ ಪಿನ್ ಊರ ಮಧ್ಯದಲ್ಲಿದೆ. ಸಸಿ ತುಂಬಲು ಬಂದ ಗಾಡಿಯವರು ಅಲ್ಲಿ ಬಂದು ನಿಂತು ಫೋನ್ ಮಾಡ್ತಿರಬೇಕು, ಸರಿನಾ? ನರ್ಸರಿ ಗೇಟಿನ ಮೇಲೇ ಇಡಿ. ಬೋರ್ಡ್‌ನಲ್ಲಿ ಇರುವ ಹೆಸರನ್ನೇ ಹಾಕಿ. ಹೆಸರಿಗೆ ‘ಬೆಸ್ಟ್ ನರ್ಸರಿ ತುಮಕೂರು’ ಅಂತ ಬಾಲ ಸೇರಿಸಿದರೆ ಪ್ರೊಫೈಲನ್ನೇ ನಿಲ್ಲಿಸಬಹುದು. ಸಸಿ ತಗೊಂಡು ಹೋದವರಿಗೆ ಆ ಪ್ರೊಫೈಲ್‌ನಲ್ಲಿ ಎರಡು ಸಾಲು ಅಭಿಪ್ರಾಯ ಬರೆಯಿರಿ ಅಂತ ಕೇಳಿ. ಅದಕ್ಕೆ ಪ್ರತಿಯಾಗಿ ಒಂದು ಸಸಿ ಫ್ರೀ ಅನ್ನಬೇಡಿ, ಹಾಗೆ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬೈದು ಬರೆದವರಿಗೂ ತಾಳ್ಮೆಯಿಂದ ಉತ್ತರ ಕೊಡಿ.

ಫೋಟೋ ಒಂದೊಂದೂ ಐದು ಎಂಬಿ ಇದೆ. ಇನ್ನೂರು ಕೆಬಿ ಆಸುಪಾಸಿಗೆ ಇಳಿಸಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಲೆಕ್ಕ. ಸೈಟನ್ನು ಅದು ಮೊಬೈಲ್ ರೂಪದಲ್ಲೇ ನೋಡುತ್ತೆ, ನೀವೂ ಮೊಬೈಲ್‌ನಲ್ಲೇ ನೋಡಿ.

ಇಷ್ಟು ಮಾಡಿದರೂ ಮರುದಿನ ಬೆಳಗ್ಗೆ ಮೇಲೆ ಬರಲ್ಲ. ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತೆ. ಮುಂಗಾರಿಗೆ ಸಸಿ ಬೇಕಾದವರು ಏಪ್ರಿಲ್, ಮೇನಲ್ಲೇ ಹುಡುಕಲು ಶುರು ಮಾಡ್ತಾರೆ. ಹಾಗಾಗಿ ಪುಟಗಳು ಚಳಿಗಾಲದಲ್ಲೇ ಏರಿರಬೇಕು.

ಇನ್ನೊಂದು, ವೆಬ್‌ಸೈಟಿನ ಡೊಮೇನ್, ಅಂದರೆ ಅದರ ವಿಳಾಸ, ಯಾರ ಹೆಸರಲ್ಲಿದೆ ಅಂತ ಇವತ್ತೇ ಕೇಳಿ. ಮಾಡಿಕೊಟ್ಟವರ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಪಾಸ್‌ವರ್ಡ್ ಈಸ್ಕೊಳ್ಳಿ. ಮೇಲೆ ಹೇಳಿದ ಹಾಗೆ ಸೈಟ್, ಕೋಲನ್ ಹಾಕಿ ಹುಡುಕಿದ್ದರ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಹಗಲು ತೋಟದಲ್ಲಿರ್ತೀನಿ, ರಾತ್ರಿ ಊಟ ಆದ ಮೇಲೆ ನೋಡಿ ಹೇಳ್ತೀನಿ.