ವಾರ್ಫರಿನ್ ಇಲಿ ಪಾಷಾಣವೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಮೈಸೂರಿನಲ್ಲಿ ಹೃದಯದ ಕವಾಟ ತೆಗೆದು ಲೋಹದ ಕವಾಟ ಹಾಕಿದ್ದಾರೆ. ದಿನವೂ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳಬೇಕು. ಅದು ಇಲಿ ಪಾಷಾಣವೆಂದು ಯಾರೋ ಹೇಳಿದ್ದರಿಂದ ಅವರು ಮಾತ್ರೆ ಬೇಡವೆನ್ನುತ್ತಿದ್ದಾರೆ. ಸೊಪ್ಪನ್ನೂ ಬಿಡಬೇಕೇ?
– ಓದುಗರೊಬ್ಬರು, ಮದ್ದೂರು

ಉತ್ತರ: ದಯವಿಟ್ಟು ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ನಿಮ್ಮ ತಂದೆಯವರು ಕೇಳಿದ ಮಾತಿನಲ್ಲಿ ಸತ್ಯವಿದೆ, ಆದರೆ ಅದರಿಂದ ಅವರು ತೆಗೆದುಕೊಂಡ ತೀರ್ಮಾನ ಅಪಾಯಕಾರಿ. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಆ ಗಡ್ಡೆ ಮಿದುಳಿಗೆ ಹೋದರೆ ಪಾರ್ಶ್ವವಾಯು ಬಡಿಯಬಹುದು.

1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತರೊಬ್ಬರು ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿದ್ದ ರಕ್ತವನ್ನೂ, ಅದು ತಿಂದಿದ್ದ ಬೂಷ್ಟು ಹಿಡಿದ ಮೇವನ್ನೂ ಹಿಮ ಸುರಿಯುತ್ತಿದ್ದಾಗಲೇ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಹೊತ್ತು ತಂದರು. ಕೆಟ್ಟ ಮೇವಿನಲ್ಲಿದ್ದ ವಸ್ತುವಿನ ಬೆನ್ನುಹತ್ತಿದ ಆ ಸಂಶೋಧನೆಯಿಂದಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಇಲಿಗಳನ್ನು ಕೊಲ್ಲಲು ಮಾರುಕಟ್ಟೆಗೆ ಬಂದ ಇದು 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆಯಿತು.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ವಿಟಮಿನ್ ಕೆ ನೆರವಿನಿಂದ ಸಿದ್ಧಪಡಿಸುತ್ತದೆ. ವಾರ್ಫರಿನ್ ಆ ಕೆಲಸವನ್ನು ತಗ್ಗಿಸುತ್ತದೆ. ಇಲಿಗೆ ಅಳತೆ ಮೀರಿ ಸೇರಿ ಒಳಗೇ ರಕ್ತ ಸೋರುತ್ತದೆ. ರೋಗಿಗಾದರೋ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ತಿಳಿಸುವ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಪ್ರಮಾಣವನ್ನು ಏರಿಸಿ ಇಳಿಸುತ್ತಾರೆ. ಆದ್ದರಿಂದ ಆ ಪರೀಕ್ಷೆಯನ್ನು ಮುಂದೂಡುವುದು ಮಾತ್ರೆ ಬಿಟ್ಟಷ್ಟೇ ತಪ್ಪು.

ಸೊಪ್ಪು ಬಿಡಬೇಕಿಲ್ಲ. ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚಿರುವುದರಿಂದ, ವಾರವಿಡೀ ಮುಟ್ಟದೆ ಒಂದೇ ದಿನ ತಟ್ಟೆ ತುಂಬ ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ ಉಂಡರೆ ಐ.ಎನ್.ಆರ್. ಏರುಪೇರಾಗುತ್ತದೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಉಣ್ಣಲಿ. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಳ್ಳುವುದನ್ನು ಮಾತ್ರ ಖಂಡಿತ ನಿಲ್ಲಿಸಬೇಕು. ಮಲ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮಾತು. ಕಬ್ಬಿನ ಗದ್ದೆಗೂ ಅಟ್ಟಕ್ಕೂ ಇಡುವ ಬ್ರೋಮಡಿಯೋಲೋನ್ ಎಂಬ ಇಲಿ ಪಾಷಾಣದ ಬಿಲ್ಲೆ ವಾರ್ಫರಿನ್ ಜಾತಿಯದೇ ಆದರೂ ದೇಹದಲ್ಲಿ ಬಹಳ ಹೆಚ್ಚು ಕಾಲ ಉಳಿಯುತ್ತದೆ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ, ಮೊದಲೆರಡು ದಿನ ಏನೂ ಕಾಣದಿದ್ದರೂ ನಂಬಿ ಕೂರದೆ, ಪೊಟ್ಟಣ ಸಮೇತ ಕೂಡಲೇ ವೈದ್ಯರ ಬಳಿ ಹೋಗಿ. ವಿಷ ಯಾವುದೆಂದು ತಿಳಿದರೆ ವಿಟಮಿನ್ ಕೆ ಕೊಟ್ಟು ಚಿಕಿತ್ಸೆ ಮಾಡಲು ಅವರಿಗೆ ಸಾಧ್ಯವಾಗುತ್ತದೆ.