ಕ್ಯಾಲ್ಮಾಡ್ಯುಲಿನ್ ಕಿಣ್ವಗಳನ್ನು ನಿಯಂತ್ರಿಸುವುದು ಹೇಗೆ?

ಸ್ವತಃ ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸದ ಕ್ಯಾಲ್ಮಾಡ್ಯುಲಿನ್ ಪ್ರೋಟೀನು ಕಿಣ್ವಗಳನ್ನು ಹೇಗೆ ಚುರುಕುಗೊಳಿಸುತ್ತದೆ, ಒಂದಕ್ಕೊಂದು ಹೋಲಿಕೆಯಿಲ್ಲದ ಹತ್ತಾರು ಕಿಣ್ವಗಳು ಅದಕ್ಕೆ ಹೇಗೆ ದಕ್ಕುತ್ತವೆ ಎಂದು ತಾವು ಕೇಳಿದ್ದೀರಿ. ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡದಲ್ಲೇ ಕಲಿತು ಪ್ಲಸ್ ಟುವಿಗೆ ಬರುವ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನನಗೂ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. 1970ರಲ್ಲಿ ಇದು ಪತ್ತೆಯಾದದ್ದೇ ಮಿದುಳಿನ ಫಾಸ್ಫೋಡೈಎಸ್ಟರೇಸ್ ಕಿಣ್ವದ ಪ್ರಚೋದಕವಾಗಿ. ಆದರೆ ‘ಪ್ರಚೋದಕ’ ಎಂದಷ್ಟೇ ಹೇಳಿದರೆ, ಅನೇಕ ಕಿಣ್ವಗಳು ತಮ್ಮ ಮೇಲೆ ತಾವೇ ಹಾಕಿಕೊಂಡ ತಡೆಯನ್ನು ಇದು ತೆಗೆಯುತ್ತದೆಂಬ ಮುಖ್ಯ ಸಂಗತಿ ಮರೆಯಾಗುತ್ತದೆ.

ಕ್ಯಾಲ್ಮಾಡ್ಯುಲಿನ್‌ಗೆ ಸಾಮಾನ್ಯವಾಗಿ ಚಾಲನೆ ಕೊಡುವುದು ಕ್ಯಾಲ್ಸಿಯಂ. ವಿಶ್ರಾಂತ ಜೀವಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್ ಇರುತ್ತದೆ. ಸಂಕೇತ ಬಂದಾಗ ಅದು 1 ಮೈಕ್ರೋಮೋಲಾರ್ ಆಸುಪಾಸಿಗೆ ಏರುತ್ತದೆ. 148 ಅಮೈನೋ ಆಮ್ಲಗಳ ಕ್ಯಾಲ್ಮಾಡ್ಯುಲಿನ್‌ಗೆ ಎರಡು ಹಾಲೆಗಳಿದ್ದು, ಒಂದೊಂದರಲ್ಲೂ ಇಎಫ್ ಹ್ಯಾಂಡ್ ಎಂಬ ಕ್ಯಾಲ್ಸಿಯಂ ತಾಣಗಳು ಎರಡೆರಡಿವೆ. ಅಲ್ಲಿ ಕ್ಯಾಲ್ಸಿಯಂ ಕುಳಿತೊಡನೆ ಹಾಲೆಯ ಸುರುಳಿಗಳು ಸರಿದು, ನೀರಿಗೆ ಒಗ್ಗದ, ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಗುಳಿಯೊಂದು ತೆರೆದುಕೊಳ್ಳುತ್ತದೆ.

ಇನ್ನು ಕಿಣ್ವದ ಕಡೆ ನೋಡೋಣ. ರಕ್ತನಾಳ ಮತ್ತು ಕರುಳಿನ ಗೋಡೆಯ ನಯಸ್ನಾಯುವನ್ನು ಸಂಕುಚಿಸಲು ಬೇಕಾದ ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವದಲ್ಲಿ ಅದರದೇ ಅಮೈನೋ ಆಮ್ಲ ಸರಪಳಿಯ ಒಂದು ತುಂಡು, ರಾಸಾಯನಿಕ ಕ್ರಿಯೆ ನಡೆಯುವ ಸಕ್ರಿಯ ತಾಣಕ್ಕೆ ಅಡ್ಡವಾಗಿ ಮಲಗಿರುತ್ತದೆ. ಕ್ಯಾಲ್ಮಾಡ್ಯುಲಿನ್ ಹಿಡಿಯುವ ಸುಮಾರು 20 ಅಮೈನೋ ಆಮ್ಲಗಳ ಭಾಗ ಅದಕ್ಕೆ ಹೊಂದಿಕೊಂಡೇ ಇದೆ. ಕಂಗು ಹತ್ತುವವನು ಕಾಂಡವನ್ನು ತಬ್ಬುವಂತೆ ಎರಡು ಹಾಲೆಗಳೂ ಆ ಭಾಗವನ್ನು ಸುತ್ತುವರಿದು ಹಿಡಿದಾಗ ಅಡ್ಡವಿದ್ದ ತುಂಡು ಸರಿದು ಕಿಣ್ವಕ್ಕೆ ದಾರಿ ಬಿಡುತ್ತದೆ. ಇಂತಹ ಅಪ್ಪುಗೆಯ ರಚನೆಗಳು 1992ರಲ್ಲಿ ಪ್ರಕಟವಾದವು.

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಆ ಗುಳಿಯಲ್ಲೇ ಇದೆ. ಮೆಥಿಯೋನಿನ್‌ನ ಪಾರ್ಶ್ವಸರಪಳಿ ಸುಲಭವಾಗಿ ಬಾಗುವುದರಿಂದ ಬೇರೆ ಬೇರೆ ಆಕಾರಗಳಿಗೆ ಹೊಂದಿಕೊಳ್ಳುತ್ತದೆ. ಹಾಲೆಗಳ ನಡುವಿನ ಕೊಂಡಿಯೂ ಬಳುಕುವಂಥದ್ದಾದ್ದರಿಂದ ಅವುಗಳ ಅಂತರ ಹೆಚ್ಚುಕಡಿಮೆಯಾಗಬಲ್ಲದು. ಹಾಗಾಗಿ ಗುರಿಯ ಅಮೈನೋ ಆಮ್ಲಗಳ ಕ್ರಮ ಎಲ್ಲ ಕಡೆ ಒಂದೇ ಆಗಿರಬೇಕಿಲ್ಲ.

ನನಗೆ ಅತ್ಯಂತ ಸೋಜಿಗವೆನಿಸುವುದು ನರಕೋಶಗಳಲ್ಲಿ ಹೇರಳವಾಗಿರುವ, ಹಲವು ಉಪಘಟಕಗಳು ಕೂಡಿ ಆದ ಕ್ಯಾಮ್‌ಕೈನೇಸ್ 2 ಎಂಬ ಕಿಣ್ವ. ಕ್ಯಾಲ್ಮಾಡ್ಯುಲಿನ್‌ನಿಂದ ತಡೆ ಸರಿದ ಮೇಲೆ ಅದರ ಉಪಘಟಕಗಳು ನೆರೆಯ ಉಪಘಟಕದ 286ನೇ ಸ್ಥಾನದಲ್ಲಿರುವ ಥ್ರಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಸೇರಿಸುತ್ತವೆ. ಆಗ ಕ್ಯಾಲ್ಸಿಯಂ ಇಳಿದು ಕ್ಯಾಲ್ಮಾಡ್ಯುಲಿನ್ ಬಿಟ್ಟುಹೋದರೂ, ಆ ಫಾಸ್ಫೇಟ್ ಇರುವಷ್ಟು ಕಾಲ ತಡೆ ಪೂರ್ತಿಯಾಗಿ ಮರಳುವುದಿಲ್ಲ.

ಆದರೆ ಎಲ್ಲ ಕಿಣ್ವಗಳಿಗೂ ಇದೇ ಸೂತ್ರವನ್ನು ಅನ್ವಯಿಸಬಾರದು. ಫಾಸ್ಫೋರಿಲೇಸ್ ಕೈನೇಸ್‌ನಲ್ಲಿ ಕ್ಯಾಲ್ಮಾಡ್ಯುಲಿನ್ ಕ್ಯಾಲ್ಸಿಯಂಗಾಗಿ ಕಾಯದೆ ಕಾಯಂ ಉಪಘಟಕವಾಗಿಯೇ ಉಳಿದಿರುತ್ತದೆ. ಕಣ್ಣಿನ ಬೆಳಕುಗ್ರಾಹಿ ಕೋಶಗಳಲ್ಲಂತೂ ಜಿಕ್ಯಾಪ್ ಎಂಬ ಸಂಬಂಧಿ ಪ್ರೋಟೀನುಗಳು ತೀರಾ ವಿರುದ್ಧವಾಗಿ ವರ್ತಿಸುತ್ತವೆ: ಬೆಳಕು ಬಿದ್ದು ಕ್ಯಾಲ್ಸಿಯಂ ಕಡಿಮೆಯಾದಾಗಲೇ ಅವು ಗ್ವಾನಿಲೇಟ್ ಸೈಕ್ಲೇಸ್ ಕಿಣ್ವವನ್ನು ಚುರುಕುಗೊಳಿಸುತ್ತವೆ.