ಲೆಕ್ಕ ಸರಿ, ಅಂಕಿ ಜಾಸ್ತಿ

ನಮಸ್ಕಾರ,

ಪುಣೆ ಕನ್ನಡಿಗರ ದೀಪಾವಳಿ ಸಂಚಿಕೆಗೆ ನೀವು ಕಳಿಸಿದ ಸರ್ವೆ ಲೆಕ್ಕದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲು ಎವರೆಸ್ಟ್ ಎತ್ತರ ಅಳೆದ ಕಥೆ, ಆಮೇಲೆ ಎಷ್ಟು ಅಂಕಿ ಬರೆಯಬೇಕು ಅಂತ ಮೂರು ಪುಟ ನಿಯಮದ ಮೇಲೆ ನಿಯಮ. ಓದುವವರು ಅಷ್ಟರಲ್ಲೇ ಚಹಾ ಮಾಡಲು ಎದ್ದು ಹೋಗುತ್ತಾರೆ. ನಿಜವಾದ ವಿಷಯ ಕೊನೆಯಲ್ಲಿದೆ: ಪುಣೆ ಹತ್ತಿರದ ಚಾಕಣದ ಆ ಪ್ಲಾಟು. ಟೇಪು ಹಿಡಿದು ಅಳೆದಿರಿ. ಉದ್ದ 24.6 ಮೀಟರ್, ಅಗಲ 13.2. ಗುಣಿಸಿದರೆ 324.72 ಚದರ ಮೀಟರ್. ಅದನ್ನು ಗುಂಟೆಗೆ ತಿರುಗಿಸಿ 3.209602 ಅಂತ ಬರೆದಿದ್ದೀರಿ. ಸ್ವಾಮಿ, ಆ ಆರನೇ ದಶಮಾಂಶದ ಒಂದು ಅಂಕಿ ಎಷ್ಟು ಜಾಗ ಗೊತ್ತಾ? ಒಂದು ಚದರ ಸೆಂಟಿಮೀಟರ್. ಕಿರುಬೆರಳಿನ ಉಗುರಿನಷ್ಟು! ನೀವು ಟೇಪು ಓದಿದ್ದೋ ಹತ್ತಿರದ 10 ಸೆಂಟಿಮೀಟರಿಗೆ ಮಾತ್ರ. ಎರಡೂ ಬದಿಯಲ್ಲಿ 5 ಸೆಂಟಿಮೀಟರ್ ಹೆಚ್ಚಾದರೆ ಸುಮಾರು 2 ಚದರ ಮೀಟರ್ ವ್ಯತ್ಯಾಸ ಬರುತ್ತದೆ. 325 ಚದರ ಮೀಟರ್, 3.21 ಗುಂಟೆ ಅಂದರೆ ಸಾಕು. ಮಿಕ್ಕಿದ್ದೆಲ್ಲ ಕ್ಯಾಲ್ಕುಲೇಟರ್ ಸುಮ್ನೆ ಉದುರಿಸಿದ್ದು. ಅರ್ಥವಿಲ್ಲದ ಅಂಕಿ ಬೇಡ ಅಂತ ಮೂರು ಪುಟ ಬುದ್ಧಿ ಹೇಳಿ, ಕೊನೆಗೆ ನೀವೇ ಹೀಗೆ ಬರೆದರೆ ಹೇಗೆ?

ಅಂಕಿ ದುಂಡು ಮಾಡುವಾಗ "5 ಬಂದರೆ ಮೇಲಕ್ಕೆ ಏರಿಸಿ" ಎಂದಿದ್ದೀರಿ. ಶಾಲೆಯಲ್ಲಿ ಅದು ನಡೆಯುತ್ತದೆ. ದುಂಡು ಮಾಡುವ ನಿಯಮಗಳ ಭಾರತೀಯ ಮಾನಕ ಐಎಸ್ 2 ಬೇರೆಯೇ ಹೇಳುತ್ತದೆ: 5ರ ಮುಂದೆ ಏನೂ ಇಲ್ಲದಿದ್ದರೆ ಸಮ ಅಂಕಿಗೆ ಹೊಂದಿಸಿ. 12.5 ಆದರೆ 12, 13.5 ಆದರೆ 14. ಪ್ರತಿ ಸಲವೂ ಮೇಲಕ್ಕೇ ದೂಡಿದರೆ ಉದ್ದ ಪಟ್ಟಿಯ ಮೊತ್ತ ಉಬ್ಬುತ್ತಾ ಹೋಗುತ್ತದೆ, ಅಲ್ವಾ? ದುಂಡು ಮಾಡುವುದೂ ಒಂದೇ ಸಲ, ಕೊನೆಯಲ್ಲಿ. 2.3499 ಅನ್ನು ಮೊದಲು 2.35 ಮಾಡಿ ಆಮೇಲೆ 2.4 ಮಾಡಿದರೆ ತಪ್ಪು. ನೇರವಾಗಿ ಮಾಡಿದರೆ 2.3. ಇದು ನಿಮ್ಮಲ್ಲಿ ಇಲ್ಲವೇ ಇಲ್ಲ, ಸೇರಿಸಿ.

ಎವರೆಸ್ಟ್ ಕಥೆ ತೆಗೆಯಬೇಡಿ, ಜಾಗ ಬದಲಿಸಿ. ಶಿಖರದ ಎತ್ತರ ಲೆಕ್ಕದಲ್ಲಿ ಸರಿಯಾಗಿ 29,000 ಅಡಿ ಬಂತಂತೆ. ಜನ ಇದನ್ನು ಅಂದಾಜು ಅಂದುಕೊಂಡಾರು ಅಂತ 1856ರಲ್ಲಿ 29,002 ಎಂದು ಸಾರಿದರಂತೆ. ಸೊನ್ನೆಯ ನಿಯಮಗಳ ಪುಟವನ್ನು ಪೂರ್ತಿ ಹೊಡೆದುಹಾಕಿ ಇದನ್ನು ಅಲ್ಲಿ ಕೂರಿಸಿ. 30 ಮೀಟರ್ ಬೇರೆ, ಸೆಂಟಿಮೀಟರಿನ ತನಕ ಅಳೆದ 30.00 ಮೀಟರ್ ಬೇರೆ ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.

ಪ್ಲಾಟಿನಿಂದಲೇ ಶುರು ಮಾಡಿ. 3.21 ಅಂತ ಹೇಳಿದರೆ ಮಾಲೀಕರು ಒಪ್ಪುತ್ತಾರಾ, ಜಗಳಕ್ಕೆ ಬರುತ್ತಾರಾ? ಅದನ್ನೂ ಬರೆಯಿರಿ. 800 ಪದ ಮೀರದಿರಲಿ. ದಸರೆಯೊಳಗೆ ಕೈಸೇರಬೇಕು. ಆಮೇಲೆ ಪ್ರೆಸ್ಸಿನವರು ಫೋನ್ ಎತ್ತುವುದಿಲ್ಲ.

ಸಂಪಾದಕ